ಮಮಕಾರನೆಂಬ ತಂದೆ

ಕಳೆದ ಶ್ರಾವಣಮಾಸದಲ್ಲಿ ಶಿಕಾರಿಪುರ ತಾಲ್ಲೂಕಿನ ತೊಗರ್ಸಿಯಲ್ಲಿ ಕೆಲವು ದಿನ ಪುರಾಣ ಪ್ರವಚನ ನಡೆಸಿಕೊಡುವ ಸುಯೋಗ ನಮ್ಮದಾಗಿತ್ತು. ಮಲ್ಲಿಕಾರ್ಜುನನ ಪುರಾತನ ದೇವಾಲಯವಿರುವ ಆ ಊರಿನಲ್ಲಿ ಅಕ್ಕಮಹಾದೇವಿಯ ಕಥೆ ಹೇಳುವುದೆಂದರೆ ಬೇರೆಡೆ ಹೇಳಿದಂತಲ್ಲ. ಅಕ್ಕನ ಉಡುತಡಿ ಅದೇ ತಾಲ್ಲೂಕಿನದು. ಅಲ್ಲಮಪ್ರಭುಗಳ ಬಳ್ಳಿಗಾವಿಯೂ ಅದೇ ತಾಲ್ಲೂಕಿನದು. ಕುಳಿತು ಕೇಳುವವರು ಅದನ್ನು ಹನ್ನೆರಡನೆಯ ಶತಮಾನದ ಕಥೆಯೆಂದು ಕೇಳುವುದಿಲ್ಲ. ನೆರೆಯೂರಿನ ಮನೆಯೊಂದರಲ್ಲಿ ಮೊನ್ನೆ ನಡೆದ ಸಂಗತಿಯೆಂಬಂತೆ ಕೇಳುತ್ತಾರೆ, ನಡುವೆ ತಡೆದು ವಿಚಾರಿಸುತ್ತಾರೆ.

ಆ ಸಂಜೆ ಕೌಶಿಕರಾಜನ ಕಡೆಯವರು ಉಡುತಡಿಯ ಮನೆಗೆ ಬಂದು ಹೆಣ್ಣು ಕೇಳುವ ಪ್ರಸಂಗವನ್ನು ಹೇಳಿ ಮಂಗಳ ಮಾಡಿದ್ದೆವು. ಪ್ರಸಾದ ಮುಗಿದು ಜನ ಚದುರಿದ ಮೇಲೆ ಒಬ್ಬ ವೃದ್ಧೆ ಕಂಬದ ಮರೆಯಿಂದ ಎದ್ದು ಬಂದರು. "ಶಾಸ್ತ್ರಿಗಳೇ, ಒಂದು ಮಾತು ಕೇಳ್ಲಾ? ಮಗಳು ಒಲ್ಲೆ ಒಲ್ಲೆ ಅಂದ್ರೂ ರಾಜನ ಮನೆಗೆ ಹೋಗವ್ವ ಅಂದ ಆ ಅಪ್ಪ-ಅವ್ವನ್ನ ಏನಂತ ಕರೀಬೇಕ್ರಿ? ನೀವು ಅವರನ್ನೂ ಶರಣರು ಅಂದ್ರಲ್ಲ." ರಾಜಭಯವಿತ್ತು ತಾಯಿ, ಅವರು ಅಸಹಾಯಕರಾಗಿದ್ದರು ಎಂದು ನಾವು ರೂಢಿಯ ಉತ್ತರ ಕೊಟ್ಟೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೆದರಿಕೆ ಹುಡುಗಿಗೂ ಇತ್ತಲ್ರಿ" ಎಂದರು.

ನಲವತ್ತು ವರ್ಷಗಳಿಂದ ಪ್ರವಚನ ಹೇಳಿಕೊಂಡು ಬಂದಿರುವ ನಮಗೆ ಆ ರಾತ್ರಿ ನಿದ್ರೆ ಸರಿಯಾಗಿ ಬರಲಿಲ್ಲ. ನಮ್ಮ ಪುರಾಣ, ಕಾವ್ಯ, ಕಾದಂಬರಿಗಳಲ್ಲಿ ಹೆತ್ತವರೇ ಮಕ್ಕಳಿಗೆ ಕಂಟಕರಾದ ಪ್ರಸಂಗಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಈ ಲೇಖನ ಹುಟ್ಟಿದ್ದು ಹಾಗೆ.

ರಾಕ್ಷಸ ತಂದೆಯ ಕಥೆ ಹೇಳುವುದು ಸುಲಭ. ಹಿರಣ್ಯಕಶಿಪುವಿನ ಕಥೆ ಕೇಳಿದ ಯಾವ ಗೃಹಸ್ಥನೂ ಇದು ತನ್ನ ಕಥೆಯೆಂದು ತಿಳಿಯುವುದಿಲ್ಲ. ಮಗನನ್ನು ಆನೆಯ ಕಾಲಡಿಗೆ ನೂಕುವ ತಂದೆ ನಮ್ಮ ಓಣಿಯಲ್ಲಿ ಯಾರಿದ್ದಾರೆ? ಕಷ್ಟವಾಗುವುದು ತಂದೆತಾಯಿಗಳು ಸಜ್ಜನರಾಗಿದ್ದಾಗ. ಮಹಾದೇವಿಯಕ್ಕನ ರಗಳೆಯನ್ನು ಬರೆದ ಹರಿಹರ ಮಹಾಕವಿ ಆ ದಂಪತಿಗಳಿಗೆ ಇಟ್ಟ ಹೆಸರೇ ಶಿವಭಕ್ತ, ಶಿವಭಕ್ತೆ. ಪೂಜೆಯಲ್ಲಿ ಲೋಪವಿಲ್ಲ, ದಾಸೋಹದಲ್ಲಿ ಕೊರತೆಯಿಲ್ಲ. ಅಂಥವರು ಅರಮನೆಯ ಬೆದರಿಕೆ ಬಂದಾಗ, ನೀನು ಒಪ್ಪಿದರೆ ನಾವು ಉಳಿಯುತ್ತೇವೆ ಎಂದು ಮಗಳ ಮುಂದೆ ಕೈಯೊಡ್ಡುತ್ತಾರೆ. ಕೌಶಿಕನೊಡನೆ ಅಕ್ಕನ ಮದುವೆ ನಡೆಯಿತೇ ಇಲ್ಲವೇ ಎಂಬ ಬಗ್ಗೆ ನಮ್ಮ ಕವಿಗಳಲ್ಲಿ ಏಕಾಭಿಪ್ರಾಯವಿಲ್ಲ. ಹರಿಹರನ ದಾರಿ ಒಂದು, ಚಾಮರಸನ ದಾರಿ ಇನ್ನೊಂದು. ವಿದ್ವಾಂಸರು ಆ ವಿಷಯದಲ್ಲಿ ಸಾಕಷ್ಟು ಶಾಯಿ ಖರ್ಚು ಮಾಡಿದ್ದಾರೆ, ನಾವೂ ಮಾಡಿದ್ದೇವೆ. ಆದರೆ ತೊಗರ್ಸಿಯ ಆ ತಾಯಿ ಕೇಳಿದ ಪ್ರಶ್ನೆಯನ್ನು ನಾವು ಯಾರೂ ಕೇಳಿಕೊಂಡಿರಲಿಲ್ಲ. ಷರತ್ತುಗಳನ್ನು ಒಡ್ಡಿ ಅರಸನನ್ನು ಎದುರಿಸುವ ಕೆಲಸ ಮನೆಯ ಯಜಮಾನನದು. ಅದನ್ನು ಮಾಡಿದವಳು ಮಗಳು. ಹೆತ್ತವರನ್ನು ಆ ಹುಡುಗಿಯೇ ಕಾಪಾಡಬೇಕಾಗಿ ಬಂತು.

ಹದಿನೈದನೆಯ ಶತಮಾನದ ಚಾಮರಸನ ಮಾತು ಬಂದದ್ದರಿಂದ ಅವನ ಪ್ರಭುಲಿಂಗಲೀಲೆಯ ಇನ್ನೊಂದು ಸಂಗತಿಯನ್ನು ಇಲ್ಲಿ ಹೇಳಬೇಕು. ಸೊರಬವನ್ನು ದಾಟಿ ಹೋದರೆ ಸಿಗುವ ಬನವಾಸಿಯಲ್ಲಿ ಮಾಯೆ ರಾಜಪುತ್ರಿಯಾಗಿ ಹುಟ್ಟುತ್ತಾಳೆ. ಅವಳ ತಾಯಿಯ ಹೆಸರು ಮೋಹಿನಿ. ತಂದೆಯ ಹೆಸರು ಮಮಕಾರ. ಅದೇ ಕಾವ್ಯದಲ್ಲಿ ಅಲ್ಲಮಪ್ರಭುಗಳ ತಂದೆ ನಿರಹಂಕಾರ, ತಾಯಿ ಸುಜ್ಞಾನಿ. ಇದನ್ನು ನಾವು ಮಠದಲ್ಲಿ ಓದುವಾಗ ತಾತ್ತ್ವಿಕ ಸಂಕೇತವೆಂದು ಬಾಯಿಪಾಠ ಮಾಡಿ ಮುಂದೆ ಹೋಗಿದ್ದೆವು. ಈಗ ತೋರುತ್ತದೆ, ಚಾಮರಸನಿಗೆ ಸಂಸಾರದ ಒಳಗೂ ಚೆನ್ನಾಗಿ ಗೊತ್ತಿತ್ತು. ಮಮಕಾರ ಎಂಬ ಮಾತನ್ನು ನಾವು ಮನೆಗಳಲ್ಲಿ ಅಕ್ಕರೆ ಎಂಬರ್ಥದಲ್ಲಿ ಬಳಸುತ್ತೇವೆ; ಅವನಿಗೆ ಬಹಳ ಮಮಕಾರ ಎಂದು ಹೊಗಳುತ್ತೇವೆ. ಬಿಡಿಸಿ ನೋಡಿದರೆ ಅದರ ಅರ್ಥ 'ನನ್ನದು' ಎನ್ನುವುದು, ಅಷ್ಟೆ. ನನ್ನ ಹೊಲ, ನನ್ನ ಎತ್ತು, ನನ್ನ ಮಗಳು. ನಮ್ಮ ಕಥೆಗಳಲ್ಲಿ ಕೆಟ್ಟ ಹೆತ್ತವರೆಂದು ಕಾಣಿಸಿಕೊಳ್ಳುವವರಲ್ಲಿ ಹೆಚ್ಚಿನವರು ಪ್ರೀತಿಯಿಲ್ಲದವರಲ್ಲ. ಮಗುವನ್ನು ತಮ್ಮ ಸೊತ್ತೆಂದು ಬಗೆದವರು.

ಇಲ್ಲಿ ನಾವು ಸಿರಿಯಾಳ ಸೆಟ್ಟಿಯ ಕಥೆಗೆ ಬರಲೇಬೇಕು. ಅಂಜುತ್ತಲೇ ಬರುತ್ತಿದ್ದೇವೆ, ಏಕೆಂದರೆ ಸದ್ಭಕ್ತರ ಮನೆಗಳಲ್ಲಿ ಕೈಮುಗಿದು ಕೇಳುವ ಕಥೆ ಅದು. ತಮಿಳಿನ ಪೆರಿಯಪುರಾಣದಲ್ಲಿ ಸಿರುತ್ತೊಂಡರ ಚರಿತ್ರೆಯಾಗಿ, ಪಾಲ್ಕುರಿಕೆ ಸೋಮನಾಥನ ತೆಲುಗು ಬಸವಪುರಾಣದಲ್ಲಿ, 1369ರಲ್ಲಿ ಭೀಮಕವಿ ರಚಿಸಿದ ಕನ್ನಡ ಬಸವಪುರಾಣದಲ್ಲಿ ಅದು ಬೆಳೆದು ಬಂದಿದೆ. ಶಿವನು ಜಂಗಮವೇಷದಲ್ಲಿ ಬಂದು ನರಮಾಂಸದ ಭೋಜನ ಬೇಡುತ್ತಾನೆ, ಅದೂ ಆ ಮನೆಯ ಮಗನದೇ ಆಗಬೇಕೆನ್ನುತ್ತಾನೆ. ಸಿರಿಯಾಳ, ಚಂಗಳೆ ಇಬ್ಬರೂ ಶಾಲೆಯಿಂದ ಬಂದ ಚೀಲಾಳನನ್ನು ತಮ್ಮ ಕೈಯಾರೆ ಕೊಂದು ಅಡುಗೆ ಮಾಡಿ ಬಡಿಸುತ್ತಾರೆ. ಕೊನೆಗೆ ಶಿವನು, ಮಗನನ್ನು ಕೂಗಿ ಕರೆ, ಜೊತೆಗೆ ಉಣ್ಣೋಣ ಎನ್ನುತ್ತಾನೆ. ಕೂಗಿದರೆ ಮಗು ಹೊರಗಿನಿಂದ ಓಡಿ ಬರುತ್ತದೆ.

ಈ ಪ್ರಸಂಗವನ್ನು ನಾವು ಎಷ್ಟು ಸಲ ಹೇಳಿದ್ದೇವೆಯೋ ಲೆಕ್ಕವಿಲ್ಲ. ಸಿರಿಯಾಳನ ನಿಷ್ಠೆಯನ್ನು ವರ್ಣಿಸಿದ್ದೇವೆ, ಚಂಗಳೆಯ ಧೃತಿಯನ್ನು ವರ್ಣಿಸಿದ್ದೇವೆ, ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಳ್ಳುವುದನ್ನು ಕಂಡು ನಮ್ಮ ಕಂಠಕ್ಕೆ ನಾವೇ ಮೆಚ್ಚಿಕೊಂಡಿದ್ದೇವೆ. ಮಗು ಏನೆಂದಿತು ಎಂಬುದನ್ನು ಮಾತ್ರ ವಿಸ್ತರಿಸಿದ್ದಿಲ್ಲ. ತಂದೆತಾಯಿಗಳ ಪರೀಕ್ಷೆಯಲ್ಲಿ ಮಗು ಒಂದು ಸಾಮಗ್ರಿ, ಅಕ್ಕಿ ಬೇಳೆಗಳಂತೆ. ಕೊಡುವುದಕ್ಕೆ ಅದು ಅವರದಾಗಿತ್ತೇ ಎಂದು ಯಾರೂ ಕೇಳುವುದಿಲ್ಲ. ಓಡಿ ಬಂದ ಆ ಹುಡುಗ ಅಂದು ರಾತ್ರಿ ಅದೇ ಮನೆಯಲ್ಲಿ, ಅದೇ ತಾಯಿಯ ಪಕ್ಕದಲ್ಲಿ ಮಲಗಬೇಕಾಗಿ ಬಂದಿದ್ದರೆ ಅವನಿಗೆ ಹೇಗಾಗುತ್ತಿತ್ತು? ಕೈಲಾಸದಿಂದ ಕರೆ ಬಂದದ್ದರಿಂದ ಕಥೆಗೆ ಆ ರಾತ್ರಿ ಬರಲಿಲ್ಲ.

ವಾಚಕ ಬಂಧುಗಳು ನಮ್ಮನ್ನು ಶ್ರದ್ಧಾಹೀನರೆಂದು ತಿಳಿಯಬಾರದು. ಹೇಳುವುದಕ್ಕೆ ಕಾರಣವಿದೆ. ನಾವು ಎಂಟು ವರ್ಷದವರಿದ್ದಾಗ ಮನೆಯಲ್ಲಿ ತಮ್ಮನಿಗೆ ಜ್ವರ ವಿಷಮಿಸಿ, ಇವನು ಉಳಿದರೆ ಹಿರಿಯವನನ್ನು ಮಠಕ್ಕೆ ಬಿಡುತ್ತೇನೆಂದು ತಂದೆ ಹರಕೆ ಹೊತ್ತರು. ತಮ್ಮ ಉಳಿದ. ಒಂದು ಬೆಳಿಗ್ಗೆ ತಂದೆ ನಮ್ಮನ್ನು ಬಸ್ಸಿನಲ್ಲಿ ಕೂರಿಸಿಕೊಂಡು ಹೋದರು. ತಾಯಿ ಹೊಸ್ತಿಲು ದಾಟಿ ಬರಲಿಲ್ಲ. ಮಠ ನಮಗೆ ಅನ್ನವಿಟ್ಟಿತು, ಅಕ್ಷರ ಕಲಿಸಿತು, ಸಂಸ್ಕೃತ ಕಲಿಸಿತು, ಹರಿಹರನನ್ನೂ ರಾಘವಾಂಕನನ್ನೂ ಕೈಗೆ ಕೊಟ್ಟಿತು. ಆ ಋಣ ಈ ಜನ್ಮದಲ್ಲಿ ತೀರುವಂಥದಲ್ಲ. ಆದರೆ ಮರುವರ್ಷ ಜಾತ್ರೆಗೆ ಬಂದ ತಂದೆ ನಮ್ಮನ್ನು 'ನೀವು' ಎಂದು ಮಾತನಾಡಿಸಿದರು. ಊಟ ಮಾಡಿದ್ರಾ ಎಂದು ಕೇಳಿದರು. ಒಂಬತ್ತು ವರ್ಷದ ನಾವು ಪಾಕಶಾಲೆಯ ಹಿಂದೆ ಹೋಗಿ ಅತ್ತೆವು. ದೇವರಿಗೆ ಕೊಟ್ಟ ವಸ್ತುವನ್ನು ಮತ್ತೆ ಮುಟ್ಟಬಾರದೆಂದು ಅವರ ಭಾವನೆಯಿದ್ದಿರಬೇಕು. ಅವರನ್ನು ಕೆಟ್ಟ ತಂದೆಯೆಂದು ನಾವು ಎಂದೂ ಅಂದಿಲ್ಲ, ಇಂದೂ ಅನ್ನುವುದಿಲ್ಲ. ಆದರೆ ಸಿರಿಯಾಳನ ಕಥೆ ಹೇಳುವಾಗ ನಮ್ಮ ಕಣ್ಣು ಚೀಲಾಳನ ಕಡೆಗೆ ಹೋಗದಂತೆ ಇಷ್ಟು ವರ್ಷ ತಡೆದುಕೊಂಡದ್ದು ನಮಗೇ ಆಶ್ಚರ್ಯ.

ನಮ್ಮ ಪರಂಪರೆ ಮಗುವಿನ ಪಕ್ಷ ವಹಿಸಿಲ್ಲವೆಂದು ಇದರ ಅರ್ಥವಲ್ಲ. ಕೋಳೂರು ಕೊಡಗೂಸಿನ ಕಥೆಯನ್ನು ನೆನೆಯಿರಿ. ಪರವೂರಿಗೆ ಹೊರಟ ತಂದೆ, ದಿನವೂ ಶಿವನಿಗೆ ಹಾಲು ಕುಡಿಸು ಎಂದು ಮಗಳಿಗೆ ಹೇಳಿ ಹೋಗುತ್ತಾನೆ. ಕುಡಿಸು ಎಂದದ್ದನ್ನು ಮಗು ಹಾಗೆಯೇ ನಂಬುತ್ತದೆ. ಲಿಂಗ ಹಾಲು ಕುಡಿಯದಿದ್ದಾಗ ಅದಕ್ಕೆ ಮೊದಲು ಬರುವ ಯೋಚನೆ, ಅಪ್ಪ ಬಂದರೆ ಹೊಡೆಯುತ್ತಾನೆ ಎಂಬುದು. ಇದನ್ನು ಗಮನಿಸಬೇಕು. ಭಕ್ತಿಗಿಂತ ಮುಂಚೆ ಆ ಮನೆಯಲ್ಲಿ ಹೆದರಿಕೆಯಿದೆ. ಆ ಅಳುವಿಗೆ ಕರಗಿ ಶಿವನು ಹಾಲು ಕುಡಿಯುತ್ತಾನೆ. ತಂದೆ ಹಿಂದಿರುಗಿ ಬಂದು ಪ್ರಸಾದದ ಹಾಲೆಲ್ಲಿ ಎಂದು ಕೇಳಿದರೆ ಮಗು ಇದ್ದದ್ದನ್ನು ಹೇಳುತ್ತದೆ. ತಂದೆ ನಂಬುವುದಿಲ್ಲ. ಕದ್ದು ಕುಡಿದು ಸುಳ್ಳು ಹೇಳುತ್ತೀಯೆಂದು ಬೆನ್ನಟ್ಟುತ್ತಾನೆ. ಮಗು ಓಡಿ ಹೋಗಿ ಲಿಂಗವನ್ನು ಅಪ್ಪಿಕೊಂಡು ಅದರೊಳಗೆ ಸೇರಿಹೋಗುತ್ತದೆ. ಹಿಡಿದೆಳೆದ ತಂದೆಯ ಕೈಗೆ ಸಿಕ್ಕಿದ್ದು ಕೂದಲು ಮಾತ್ರ. ನಿತ್ಯ ಲಿಂಗಪೂಜೆ ಮಾಡುವ ಗೃಹಸ್ಥನೊಬ್ಬನಿಗೆ, ಅವನ ಕೈಯಿಂದ ತಪ್ಪಿಸಿಕೊಳ್ಳಲು ಮಗು ಲಿಂಗದೊಳಗೇ ಹೊಕ್ಕಿತು ಎಂದು ಹೇಳುವ ಕಥೆ ಇದು. ಇದಕ್ಕಿಂತ ಕಠಿಣವಾಗಿ ಯಾವ ಆಧುನಿಕ ಲೇಖಕನೂ ಬರೆದಿಲ್ಲ. ನಾವು ಮಾತ್ರ ಇದನ್ನು ಮುಗ್ಧಭಕ್ತಿಗೆ ದೃಷ್ಟಾಂತವೆಂದು ಮಕ್ಕಳಿಗೆ ಹೇಳಿ, ದೊಡ್ಡವರಿಗೆ ಹೇಳುವುದನ್ನು ಬಿಟ್ಟುಬಿಟ್ಟಿದ್ದೇವೆ.

ಜನಪದರು ಈ ವಿಷಯದಲ್ಲಿ ಪಂಡಿತರಿಗಿಂತ ನಿಷ್ಠುರರು. 'ಕೆರೆಗೆ ಹಾರ' ಎಂಬ ಕಥನಗೀತೆಯನ್ನು ಶಾಲೆಯಲ್ಲಿ ಓದದವರು ಕಡಿಮೆ. ನೀರು ಬೀಳದ ಕೆರೆಗೆ ಮಲ್ಲನಗೌಡ ಕಿರಿಸೊಸೆ ಭಾಗೀರತಿಯನ್ನು ಬಲಿ ಕೊಡಲು ನಿಶ್ಚಯಿಸುತ್ತಾನೆ. ಅತ್ತೆಮಾವಂದಿರ ಕ್ರೌರ್ಯವನ್ನು ಎಲ್ಲರೂ ಎತ್ತಿ ಆಡುತ್ತಾರೆ. ನಮ್ಮ ಮನಸ್ಸನ್ನು ಕಲಕುವ ಭಾಗ ಬೇರೆ. ಭಾಗೀರತಿ ಕೊನೆಯ ಸಲ ತವರಿಗೆ ಹೋಗುತ್ತಾಳೆ. ಏಕೆ ಬಾಡಿದ್ದೀ ಮಗಳೇ ಎಂದರೆ, ಅತ್ತೆಯ ಮನೆಯವರು ಬೇರೆ ಇಡುತ್ತಾರಂತೆ ಎಂದು ಏನೋ ಹೇಳುತ್ತಾಳೆ. ಇಟ್ಟರೆ ಇಡಲಿ, ಹೊಲಮನೆ ಕೊಡಿಸುತ್ತೇನೆ ಎಂದು ತಂದೆ ಸಮಾಧಾನ ಹೇಳುತ್ತಾನೆ. ನಿಜವನ್ನು ಅವಳು ಹೇಳಿಕೊಳ್ಳುವುದು ಗೆಳತಿಯ ಬಳಿ ಮಾತ್ರ. ಹೊಲ ಕೊಡಲು ಸಿದ್ಧನಾದ ತಂದೆಗೆ ಮಗಳ ಮುಖ ಓದಲು ಬರಲಿಲ್ಲ. ಹೇಳಿದರೆ ನನ್ನನ್ನು ಉಳಿಸಿಕೊಳ್ಳುತ್ತಾರೆಂಬ ಭರವಸೆ ಮಗಳಿಗೂ ಇರಲಿಲ್ಲ. ನಮ್ಮ ಶಿಕಾರಿಪುರ, ಸೊರಬ ಸೀಮೆಯಲ್ಲಿ ಕೆರೆಯಿಲ್ಲದ ಊರನ್ನು ಹುಡುಕಬೇಕು. ಯಾವ ಏರಿಯ ಮೇಲೆ ನಡೆದರೂ ನಮಗೆ ಆ ಹುಡುಗಿಯ ತವರಿನ ನೆನಪಾಗುತ್ತದೆ.

ಹೊಸಗನ್ನಡಕ್ಕೆ ಬಂದರೆ, ಬಾಲ್ಯದ ಕೆಲವು ವರ್ಷಗಳನ್ನು ಪಕ್ಕದ ಶಿರಸಿಯಲ್ಲಿ ಕಳೆದ ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಪ್ರಕಟವಾಯಿತು. ಮಗನ ಯೌವನವನ್ನೇ ಕೇಳಿ ಪಡೆಯುವ ತಂದೆಯ ಕಥೆ ಮಹಾಭಾರತದ್ದು. ಅಲ್ಲಿ ತಂದೆಗೆ ತಾರುಣ್ಯ ಕೊಟ್ಟ ಪೂರುವಿಗೆ ರಾಜ್ಯ ಸಿಗುತ್ತದೆ, ಕಥೆ ಸುಖವಾಗಿ ಮುಗಿಯುತ್ತದೆ. ಕಾರ್ನಾಡರು ಪೂರುವಿಗೆ ಚಿತ್ರಲೇಖೆ ಎಂಬ ಹೆಂಡತಿಯನ್ನು ತಂದರು. ಒಂದೇ ರಾತ್ರಿಯಲ್ಲಿ ಮುದುಕನಾದ ಗಂಡನನ್ನು ನೋಡಿದ ಆ ಹೆಣ್ಣು ಪ್ರಾಣ ಬಿಡುತ್ತಾಳೆ. ಪಿತೃಭಕ್ತಿಯ ಬೆಲೆಯನ್ನು ಯಾರು ತೆರುತ್ತಾರೆಂದು ತೋರಿಸಲು ಅವರಿಗೆ ಒಬ್ಬ ಸೊಸೆ ಬೇಕಾಯಿತು. ಇಂಗ್ಲಿಷರ ಲಿಯರ್ ದೊರೆಯೂ ಇದೇ ಜಾತಿಯವನು. ಯಾರು ನನ್ನನ್ನು ಹೆಚ್ಚು ಪ್ರೀತಿಸುತ್ತೀರಿ ಎಂದು ಹೆಣ್ಣುಮಕ್ಕಳ ಬಾಯಿಂದ ಹೇಳಿಸಿ, ಅದರಂತೆ ರಾಜ್ಯವನ್ನು ಅಳೆದು ಕೊಡಲು ಹೊರಟವನು.

ನಮ್ಮ ಶಿವಮೊಗ್ಗ ಜಿಲ್ಲೆಯವರೇ ಆದ ಯು. ಆರ್. ಅನಂತಮೂರ್ತಿಯವರ 'ಘಟಶ್ರಾದ್ಧ' ಕಥೆಯನ್ನು ಗಿರೀಶ ಕಾಸರವಳ್ಳಿಯವರು 1977ರಲ್ಲಿ ಚಲನಚಿತ್ರ ಮಾಡಿ ರಾಷ್ಟ್ರಪತಿಗಳ ಸ್ವರ್ಣಕಮಲ ತಂದರು. ಅದರಲ್ಲಿ ವಿಧವೆ ಮಗಳು ಯಮುನೆ ಗರ್ಭಿಣಿಯಾದಳೆಂದು, ವೇದಪಾಠ ಹೇಳುವ ತಂದೆ ಉಡುಪರು ಅವಳು ಬದುಕಿರುವಾಗಲೇ ಅವಳ ಶ್ರಾದ್ಧ ಮಾಡುತ್ತಾರೆ. ಮಾಡಿ, ವೃದ್ಧಾಪ್ಯದಲ್ಲಿ ತಾವು ಎಳೆಯ ಹುಡುಗಿಯೊಬ್ಬಳನ್ನು ಮದುವೆಯಾಗಲು ಹೊರಡುತ್ತಾರೆ. ಅದು ಅಗ್ರಹಾರದ ಕಥೆ, ನಮ್ಮ ಮನೆಗಳದಲ್ಲ ಎಂದು ಯಾರಾದರೂ ನೆಮ್ಮದಿ ಪಡುವುದಾದರೆ, ಮಾತು ಮೀರಿ ಮದುವೆಯಾದ ಮಗಳು ನಮ್ಮ ಪಾಲಿಗೆ ಸತ್ತಳು ಎಂದು ಹೇಳಿ ತಲೆಗೆ ನೀರು ಹಾಕಿಕೊಂಡ ಮನೆಗಳನ್ನು ನಾವು ನಮ್ಮವರಲ್ಲೇ ಕಂಡಿದ್ದೇವೆ. ಘಟ ಒಡೆಯುವ ಶಾಸ್ತ್ರ ನಮ್ಮಲ್ಲಿಲ್ಲ, ಅಷ್ಟೇ ವ್ಯತ್ಯಾಸ.

ಇಷ್ಟೆಲ್ಲ ಹೇಳಿದರೂ, ಕನ್ನಡದಲ್ಲಿ ಕೆಟ್ಟ ಹೆತ್ತವರೆಂದರೆ ನಮಗೆ ತಟ್ಟನೆ ನೆನಪಾಗುವುದು ಎಸ್. ಎಲ್. ಭೈರಪ್ಪನವರ 'ಗೃಹಭಂಗ'. 1970ರಲ್ಲಿ ಬಂದ ಕಾದಂಬರಿ. ಪ್ರಕಟವಾಗಿ ಕೆಲವು ವರ್ಷಗಳಾದ ಮೇಲೆ ಮಠದ ಪ್ರಸಾದನಿಲಯದಲ್ಲಿ, ಕಂದೀಲಿನ ಬೆಳಕಿನಲ್ಲಿ, ಹಿರಿಯ ಸ್ವಾಮಿಗಳಿಗೆ ಕಾಣದಂತೆ ಅದನ್ನು ಓದಿದ್ದೆವು. ಗಂಗಮ್ಮ ಬಾಯಿ ತೆರೆದರೆ ಬೈಗುಳವೇ ಬರುವ ತಾಯಿ. ಅವಳು ಮಕ್ಕಳನ್ನು ಹೇಗೆ ಬೈದಳೋ ಮಕ್ಕಳು ಅದನ್ನೇ ಕಲಿತು ಅವಳನ್ನು ಹಾಗೆಯೇ ಬೈಯುತ್ತಾರೆ. ಶಾನುಭೋಗಿಕೆಯ ಹಿರಿಮಗ ಚೆನ್ನಿಗರಾಯನಿಗೆ ಹೊಟ್ಟೆಯೊಂದೇ ದೇವರು. ಲೆಕ್ಕ ಬರೆಯುವವಳು ಹೆಂಡತಿ ನಂಜಮ್ಮ, ಮುತ್ತುಗದ ಎಲೆ ಹಚ್ಚಿ ಸಂಸಾರ ಸಾಗಿಸುವವಳೂ ಅವಳೇ. ಮಕ್ಕಳು ಉಂಡರೋ ಇಲ್ಲವೋ ಎಂದು ನೋಡದೆ ಆತ ಉಂಡು ಏಳುತ್ತಾನೆ. ಚಾಮರಸನ ಮಮಕಾರನಿಗೆ ಮಗಳು ತನ್ನವಳೆಂಬುದಾದರೂ ಇತ್ತು. ಚೆನ್ನಿಗರಾಯನಿಗೆ ಅದೂ ಇಲ್ಲ. ಪ್ಲೇಗು ಬಂದು ಬೆಳೆದ ಮಗಳು ಪಾರ್ವತಿ, ಮಗ ರಾಮಣ್ಣ ಇಬ್ಬರನ್ನೂ ಕೊಂಡೊಯ್ಯುತ್ತದೆ, ಆಮೇಲೆ ನಂಜಮ್ಮನನ್ನೂ. ಉಳಿಯುವವನು ಪುಟ್ಟ ಹುಡುಗ ವಿಶ್ವ ಒಬ್ಬನೇ.

ಆ ಊರಿನಲ್ಲಿ ಮಾದೇವಯ್ಯನವರೆಂಬ ಜಂಗಮರಿದ್ದಾರೆ. ಭಿಕ್ಷೆಯಿಂದ ಬಾಳುವವರು, ತತ್ತ್ವಪದ ಹಾಡುವವರು. ಬ್ರಾಹ್ಮಣ ಮನೆತನದ ಆ ಮಕ್ಕಳಿಗೂ ಅವರಿಗೂ ಕುಲದ ನಂಟಿಲ್ಲ, ನೆಂಟಸ್ತಿಕೆ ಮೊದಲೇ ಇಲ್ಲ. ನಂಜಮ್ಮ ಕಷ್ಟಸುಖ ಹೇಳಿಕೊಳ್ಳುವುದು ಅವರ ಬಳಿ. ಕೊನೆಯಲ್ಲಿ ವಿಶ್ವನನ್ನು ಕರೆದುಕೊಂಡು ಆ ಊರು ಬಿಟ್ಟು ಹೋಗುವವರು ಅವರೇ. ಹೆತ್ತ ತಂದೆ ಬಾಯಿತುಂಬ ಹೊಗೆಸೊಪ್ಪಿನ ರಸ ತುಂಬಿಕೊಂಡು ಕುಳಿತಿರುತ್ತಾನೆ. ಮಾತಾಡಿದರೆ ಅದನ್ನು ಉಗುಳಬೇಕಾಗುತ್ತದೆ. ಜಂಗಮ ಎಂಬ ಶಬ್ದಕ್ಕೆ ನಾವು ಮಠದಲ್ಲಿ ಪುಟಗಟ್ಟಲೆ ವ್ಯಾಖ್ಯಾನ ಬರೆದು ಬಾಯಿಪಾಠ ಮಾಡಿದ್ದೆವು. ಆ ಕಾದಂಬರಿ ಮುಚ್ಚಿದ ರಾತ್ರಿ, ಜಂಗಮನೆಂದರೆ ಯಾರದೋ ಮಗುವಿನ ಕೈ ಹಿಡಿದು ನಡೆಯುತ್ತಿರುವ ಆ ಮುದುಕ ಎನ್ನಿಸಿತ್ತು. ಶಿವನಿಗೆ ತಾಯಿಯಿಲ್ಲವಲ್ಲ, ತಾಯಿ ಇದ್ದಿದ್ದರೆ ವಿಷ ಕುಡಿಯಲು ಬಿಡುತ್ತಿದ್ದಳೇ ಎಂದು ಮರುಗಿ ತಾನೇ ತಾಯಿಯಾದ ಬೆಜ್ಜಮಹಾದೇವಿಯ ಕಥೆ ಬಸವಪುರಾಣದಲ್ಲಿದೆ. ಮಾದೇವಯ್ಯ ಆ ತಾಯಿಯ ಬಳಗದವರು.

ತೊಗರ್ಸಿಯ ಆ ವೃದ್ಧೆ ಮಾರನೆಯ ದಿನ ಪ್ರವಚನಕ್ಕೆ ಮುಂಚೆಯೇ ನಾವು ಇಳಿದುಕೊಂಡಿದ್ದಲ್ಲಿಗೆ ಬಂದರು. ಜೊತೆಗೆ ಮೊಮ್ಮಗಳಿದ್ದಳು. ಬಿ.ಎಡ್. ಓದುತ್ತಿದ್ದಾಳೆ, ಇನ್ನೊಂದು ವರ್ಷವಿದೆ. ಮಗ ಅಷ್ಟರಲ್ಲೇ ದೊಡ್ಡ ಅಡಿಕೆ ತೋಟದವರ ಮನೆಗೆ ಮಾತು ಕೊಟ್ಟುಬಿಟ್ಟಿದ್ದಾನೆ, ಹುಡುಗಿ ಒಲ್ಲೆನೆನ್ನುತ್ತಾಳೆ ಎಂದು ವಿಷಯ ತಿಳಿಸಿದರು. "ನನ್ನ ಮಾತು ಮನೇಲಿ ನಡೆಯೋದಿಲ್ರಿ. ಮಗ ದಿನಾ ಬಂದು ನಿಮ್ಮ ಪುರಾಣ ಕೇಳ್ತಾನೆ. ನಿನ್ನೆ ನಾನು ಕೇಳಿದ್ದನ್ನ ಇವತ್ತು ನೀವೇ ಎಲ್ಲರ ಮುಂದೆ ಕೇಳಿಬಿಡ್ರಿ." ಹುಡುಗಿ ತಲೆಯೆತ್ತಲಿಲ್ಲ.

ಅಂದು ನಿಗದಿಯಾಗಿದ್ದ ಪ್ರಸಂಗ ಸಿರಿಯಾಳನದು. ನಾವು ಅದನ್ನು ಬಿಟ್ಟು ಕೊಡಗೂಸಿನ ಕಥೆ ಹೇಳಿದೆವು. ಅದು ಮುಗಿದ ಮೇಲೆ, ನಮ್ಮ ಪ್ರವಚನದಲ್ಲಿ ಮೊದಲ ಸಲ, ಒಂದು ಕಾದಂಬರಿಯ ಕಥೆಯನ್ನೂ ಹೇಳಿದೆವು. ಪುರಾಣದ ಪೀಠದಲ್ಲಿ ಕುಳಿತು ಕಾದಂಬರಿ ಹೇಳುವುದೇ ಎಂದು ಹಿರಿಯರೊಬ್ಬರು ಆಮೇಲೆ ಆಕ್ಷೇಪಿಸಿದರು. ಉಡುತಡಿಯ ತಂದೆತಾಯಿಗಳ ವಿಷಯಕ್ಕೆ ಬಂದಾಗ ಆ ತಾಯಿಯ ಪ್ರಶ್ನೆಯನ್ನು ಯಾರದೆಂದು ಹೇಳದೆ ಸಭೆಯ ಮುಂದಿಟ್ಟೆವು. ಎಡಗಡೆಯ ಸಾಲಿನಲ್ಲಿ ಕುಳಿತಿದ್ದ ಅವರ ಮಗ ಮಂಗಳಾರತಿಗೆ ಕಾಯದೆ ಎದ್ದು ಹೋದರು. ಸಿಟ್ಟಿನಿಂದಲೋ ಬೇರೆ ಭಾವದಿಂದಲೋ, ಕತ್ತಲಲ್ಲಿ ಮುಖ ಕಾಣಲಿಲ್ಲ. ಅಜ್ಜಿ, ಮೊಮ್ಮಗಳು ಕೊನೆಯವರೆಗೂ ಕುಳಿತಿದ್ದು ಪ್ರಸಾದ ತೆಗೆದುಕೊಂಡು ಹೋದರು.